ಹಿಂದಕ್ಕೆ ತಳ್ಳಿ ನೋಡಿ

ಹೆಲ್ಮೆಟ್ ಹಿಡಿದುಕೊಂಡು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಿಂತರೆ ಜನ ಕೇಳುತ್ತಿದ್ದ ಪ್ರಶ್ನೆ ಮೂರೇ. ಎಷ್ಟು ಸಿಸಿ? ಎಷ್ಟು ರೇಟು? ಎಷ್ಟು ಕೊಡುತ್ತೆ?

ಮೂರಕ್ಕೂ ಉತ್ತರ ನನಗೆ ಬಾಯಿಪಾಠ ಆಗಿತ್ತು. 1868 ಸಿಸಿ ಅಂದರೆ ಹುಬ್ಬು ಮೇಲೇರುತ್ತಿತ್ತು. ರೇಟು ಹೇಳಿದರೆ "ಅಷ್ಟಕ್ಕೆ ಒಳ್ಳೇ ಕಾರೇ ಬರುತ್ತಲ್ಲ ಸಾರ್" ಅನ್ನುತ್ತಿದ್ದರು. ಮೈಲೇಜು ಹೇಳುವಷ್ಟರಲ್ಲಿ ಪುಣ್ಯಕ್ಕೆ ಅವರ ಫ್ಲೋರ್ ಬಂದಿರುತ್ತಿತ್ತು.

ನಾಲ್ಕನೇ ಪ್ರಶ್ನೆಯೊಂದಿದೆ. ಅದನ್ನು ಯಾರೂ ಕೇಳಲಿಲ್ಲ, ಕೊಳ್ಳುವಾಗ ನಾನೂ ಕೇಳಿಕೊಳ್ಳಲಿಲ್ಲ. ಇದನ್ನ ಹಿಂದಕ್ಕೆ ಹೇಗೆ ತಗೋತೀರಿ?

ಸುಮಾರು ಎಂಟು ತಿಂಗಳ ಕಾಲ ನನ್ನ ಹತ್ತಿರ ಎರಡು ಕ್ರೂಸರ್ ಬೈಕುಗಳಿದ್ದವು. ಒಂದು ಹಾರ್ಲೆ ಡೇವಿಡ್‌ಸನ್ ಫ್ಯಾಟ್ ಬಾಯ್ 114, ಇನ್ನೊಂದು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650. ಭಾರಿ ಕುಳ ಅಂದುಕೊಳ್ಳಬೇಡಿ. ಮೊದಲನೆಯದು ಹಳೇ ಆಸೆ. 1991ರ 'ಟರ್ಮಿನೇಟರ್ 2' ಸಿನಿಮಾದಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಓಡಿಸೋದು ಫ್ಯಾಟ್ ಬಾಯ್. ಅದನ್ನು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಯಾರದೋ ಕಂಪ್ಯೂಟರಿನಲ್ಲಿ ನೋಡಿ ಎದೆಯೊಳಗೆ ಇಟ್ಟುಕೊಂಡಿದ್ದೆ. 2022ರಲ್ಲಿ ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು, ಬ್ಯಾಂಕಿನವರು ಸಾಲವನ್ನೂ ಕೊಟ್ಟರು. ಎರಡನೆಯದು 2024ರಲ್ಲಿ ಬಂತು, "ಆಫೀಸಿಗೆ ಹೋಗೋಕೆ" ಅನ್ನುವ ನೆಪದಲ್ಲಿ. ಆದರೆ ನಮಗಿರೋದು ಒಂದೇ ಪಾರ್ಕಿಂಗ್. ಅದರಲ್ಲಿ ಕಾರಿನ ಜೊತೆ ಒಂದು ಗಾಡಿ ಹೇಗೋ ಹಿಡಿಯುತ್ತೆ, ಎರಡು ಹಿಡಿಯೋದಿಲ್ಲ. ಅಸೋಸಿಯೇಷನ್ನಿಂದ ಮೊದಲು ಮೆಸೇಜು, ಆಮೇಲೆ ನೋಟಿಸು ಬಂತು. ಯಾವುದನ್ನು ಇಟ್ಟುಕೊಳ್ಳೋದು ಅಂತ ಎಕ್ಸೆಲ್ ಶೀಟ್ ಮಾಡಿದೆ. ನಮ್ಮ ಕಸುಬೇ ಅದಲ್ಲವಾ.

ಹೈವೇ ಅನ್ನೋ ಕಾಲಂನಲ್ಲಿ ಫ್ಯಾಟ್ ಬಾಯ್‌ಗೆ ಎದುರಿಲ್ಲ. ಇಲ್ಲಿ ಅಶ್ವಶಕ್ತಿಗಿಂತ ಟಾರ್ಕ್ ಮುಖ್ಯ. ಚಕ್ರವನ್ನು ತಿರುಚುವ ಬಲ ಅಂತ ಇಟ್ಟುಕೊಳ್ಳಿ. ಸೂಪರ್ ಮೀಟಿಯರ್‌ನ 648 ಸಿಸಿ ಎಂಜಿನ್ ಸುಮಾರು 52 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತೆ, ಅದೂ ಐದೂವರೆ ಸಾವಿರ ಆರ್‌ಪಿಎಂ ದಾಟಿದ ಮೇಲೆ. ಫ್ಯಾಟ್ ಬಾಯ್ ಅದರ ಹತ್ತಿರ ಹತ್ತಿರ ಮೂರು ಪಟ್ಟು ಕೊಡುತ್ತೆ, ಮೂರು ಸಾವಿರದ ಆಸುಪಾಸಿನಲ್ಲೇ. ಕಾಗದದ ಮೇಲೆ ಇದು ಬರೀ ಅಂಕಿ. ತುಮಕೂರು ದಾಟಿ ಗುಬ್ಬಿ ಕಡೆ ಹೋಗುವಾಗ ಎದುರಿಗೆ ಕಾಯಿ ತುಂಬಿದ ಲಾರಿ ಸಿಕ್ಕಿದಾಗ ಇದರ ಅರ್ಥ ಗೊತ್ತಾಗೋದು. ಮೀಟಿಯರ್‌ನಲ್ಲಿ ಒಂದು ಗೇರ್ ಇಳಿಸಿ, ಎಂಜಿನ್ನಿಗೆ ಉಸಿರು ತುಂಬಿ, ಆಮೇಲೆ ಮುಂದೆ ಹೋಗುತ್ತೀರಿ. ಫ್ಯಾಟ್ ಬಾಯ್‌ನಲ್ಲಿ ಗೇರ್ ಮುಟ್ಟಬೇಕಾಗಿಲ್ಲ, ಮಣಿಕಟ್ಟು ಒಂಚೂರು ತಿರುಗಿದರೆ ಸಾಕು, ಲಾರಿ ಕನ್ನಡಿಯಲ್ಲಿರುತ್ತೆ.

ಸದ್ದಿನ ವಿಷಯಕ್ಕೆ ಬಂದರೆ, ಹಾರ್ಲೆಯ ಎರಡು ಸಿಲಿಂಡರುಗಳು 45 ಡಿಗ್ರಿ ಕೋನದಲ್ಲಿ ಕೂತು ಒಂದೇ ಕ್ರ್ಯಾಂಕ್ ಪಿನ್ನನ್ನು ಹಂಚಿಕೊಂಡಿವೆ. ಹಾಗಾಗಿ ಅವು ಸಮ ಅಂತರದಲ್ಲಿ ಸಿಡಿಯೋದಿಲ್ಲ. ಒಂದು ಸಲ 315 ಡಿಗ್ರಿಗೆ, ಇನ್ನೊಂದು ಸಲ 405 ಡಿಗ್ರಿಗೆ. ಆ ಕುಂಟು ತಾಳವೇ ಜನ ದುಡ್ಡು ಕೊಟ್ಟು ಕೊಳ್ಳುವ ಸದ್ದು. ಮೀಟಿಯರ್‌ನ ಸಿಲಿಂಡರುಗಳು ಅಕ್ಕಪಕ್ಕ ಇದ್ದರೂ ಕ್ರ್ಯಾಂಕನ್ನು 270 ಡಿಗ್ರಿಗೆ ತಿರುಗಿಸಿಟ್ಟು ಅಂಥದ್ದೇ ತಾಳ ಹಿಡಿದಿದ್ದಾರೆ. ಸಣ್ಣ ದನಿ, ಆದರೆ ಅದೇ ಮನೆತನದ್ದು.

ಇವೆರಡಕ್ಕಿಂತ ದೊಡ್ಡದನ್ನೂ ಒಮ್ಮೆ ಓಡಿಸಿದ್ದೇನೆ. ಚಿಕ್ಕಬಳ್ಳಾಪುರದ ಕಡೆ ಭಾನುವಾರದ ರೈಡಿಗೆ ಬರುವ ಗೆಳೆಯನೊಬ್ಬನ ಟ್ರಯಂಫ್ ರಾಕೆಟ್ 3. ಸಾಲಾಗಿ ಕೂತ ಮೂರು ಸಿಲಿಂಡರು, 2458 ಸಿಸಿ, 221 ನ್ಯೂಟನ್ ಮೀಟರ್. ಎಷ್ಟೋ ಕಾರುಗಳ ಎಂಜಿನ್ ಅದಕ್ಕಿಂತ ಸಣ್ಣದು. ಇಪ್ಪತ್ತು ನಿಮಿಷ ಓಡಿಸಿದೆ. ಅದರಲ್ಲಿ ಹತ್ತೊಂಬತ್ತು ನಿಮಿಷ ಥ್ರಾಟಲ್ ಹಿಡಿದ ಕೈಯನ್ನು ಸುಮ್ಮನಿರಿಸಿಕೊಳ್ಳೋದರಲ್ಲೇ ಕಳೆಯಿತು. ಇಳಿದ ಮೇಲೆ "ಹೆಂಗಿದೆ?" ಅಂದ. "ಚೆನ್ನಾಗಿದೆ ಮಾರಾಯ, ತಗೋ" ಅಂತ ಕೀ ಕೊಟ್ಟೆ. ಅಷ್ಟು ಶಕ್ತಿಯನ್ನು ಎಲ್ಲಿ ಖರ್ಚು ಮಾಡೋದು ಅಂತ ನನಗೆ ಹೊಳೆಯಲಿಲ್ಲ.

ಇನ್ನು ಸಿಟಿ ಅನ್ನುವ ಕಾಲಂ. ಗಾಳಿಯಿಂದ ತಣ್ಣಗಾಗುವ ದೊಡ್ಡ ಎಂಜಿನ್ ಯಾವುದೇ ಇರಲಿ, ಗಾಡಿ ನಿಂತರೆ ಗಾಳಿಯೂ ನಿಂತಿತು. ಸಿಲ್ಕ್ ಬೋರ್ಡಿನಲ್ಲಿ ಗಾಳಿ ಎಲ್ಲಿಂದ ಬರಬೇಕು? ಫ್ಯಾಟ್ ಬಾಯ್ ನಿಂತಲ್ಲೇ ತೀರಾ ಬಿಸಿಯಾದರೆ ಹಿಂದಿನ ಸಿಲಿಂಡರಿಗೆ ಪೆಟ್ರೋಲ್ ನಿಲ್ಲಿಸಿ ಒಂದರಲ್ಲೇ ಉಸಿರಾಡುವ ವ್ಯವಸ್ಥೆ ಅದರಲ್ಲಿದೆ. 2023ರ ಆಗಸ್ಟಿನಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕುಗಳಿಗೆ ಪ್ರವೇಶವಿಲ್ಲ. 1868 ಸಿಸಿ ಇರಲಿ, 100 ಸಿಸಿ ಇರಲಿ, ಎಲ್ಲರೂ ಸರ್ವಿಸ್ ರೋಡಿನಲ್ಲೇ. ಸಿಟಿಯ ಕಾಲಂನಲ್ಲಿ ಮೀಟಿಯರ್ ಗೆದ್ದಿತು. ಬೆನ್ನಿನ ಕಾಲಂನಲ್ಲಿ ಇಬ್ಬರೂ ಸಮ. ಕ್ರೂಸರಿನಲ್ಲಿ ಕಾಲು ಮುಂದಕ್ಕೆ ಚಾಚಿ ಕೂರುತ್ತೇವೆ, ಗುಂಡಿ ಬಂದಾಗ ಕಾಲೂರಿ ಎದ್ದು ನಿಲ್ಲಲಾಗದು. ಪೆಟ್ಟು ನೇರ ಸೊಂಟಕ್ಕೆ.

ಹೀಗೆ ಶೀಟ್ ತುಂಬಿತು, ಅಂಕಗಳೂ ಬಿದ್ದವು, ತೀರ್ಮಾನ ಮಾತ್ರ ಆಗಲಿಲ್ಲ. ಅದು ಆಗಿದ್ದು ಅರಸೀಕೆರೆಯಲ್ಲಿ, ನಮ್ಮ ಮನೆಯ ಮುಂದೆ.

ನಮ್ಮ ಮನೆ ರಸ್ತೆಗಿಂತ ತಗ್ಗಿನಲ್ಲಿದೆ. ಗೇಟಿನಿಂದ ಒಳಗೆ ಪುಟ್ಟ ಇಳಿಜಾರು, ಮೇಲೆ ಜಲ್ಲಿಪುಡಿ. ಆ ಶನಿವಾರ ಫ್ಯಾಟ್ ಬಾಯ್ ತಗೊಂಡು ಹೋದವನು ಮೂತಿ ಕೆಳಗೆ ಮಾಡಿ ಸೀದಾ ಒಳಗಿಳಿಸಿಬಿಟ್ಟೆ. ದೊಡ್ಡ ಬೈಕನ್ನು ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಬಾರದು ಅನ್ನೋದು ಮೊದಲ ಪಾಠ. ಗೊತ್ತಿತ್ತು. ಆದರೆ ಮಗ ಬಂದ ಅಂತ ಅಪ್ಪ ಗೇಟು ತೆಗೆದು ನಿಂತಿದ್ದರು, ಪಕ್ಕದ ಮನೆಯವರೂ ನೋಡುತ್ತಿದ್ದರು. ಅಂಥ ಹೊತ್ತಲ್ಲಿ ಯಾರು ಗಾಡಿ ತಿರುಗಿಸ್ತಾರೆ?

ಭಾನುವಾರ ಸಂಜೆ ಹೊರಡುವಾಗ ಗಾಡಿ ಹಿಂದಕ್ಕೆ ಬರಲಿಲ್ಲ. 317 ಕಿಲೋ. ಮೇಲೆ ಕೂತು ಕಾಲಿಂದ ಒದ್ದರೆ ಜಲ್ಲಿಯಲ್ಲಿ ಬೂಟು ಜಾರುತ್ತೆ. ಇಳಿದು ಪಕ್ಕದಲ್ಲಿ ನಿಂತು ತಳ್ಳಿದರೆ ಅರ್ಧ ಅಡಿ ಬಂದು ಮತ್ತೆ ವಾಪಸ್ಸು. ಹೋಂಡಾದವರು ಗೋಲ್ಡ್ ವಿಂಗ್‌ಗೆ ರಿವರ್ಸ್ ಕೊಟ್ಟಿರೋದು ಶೋಕಿಗಲ್ಲ ಅಂತ ಆ ಗಳಿಗೆಯಲ್ಲಿ ಅರ್ಥ ಆಯಿತು.

"ತಡಿ, ನಾನು ಹಿಡಿತೀನಿ" ಅಂತ ಅಪ್ಪ ಬಂದರು. ಅಪ್ಪನಿಗೆ ಎಪ್ಪತ್ತೊಂದು. ಒಂದು ಕಾಲದಲ್ಲಿ ಅವರ ಹತ್ತಿರ ಯಜ್ಡಿ ಇತ್ತು, ಮೈಸೂರಲ್ಲೇ ತಯಾರಾಗುತ್ತಿದ್ದದ್ದು, ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿ ಇರುವಂಥದ್ದು. ಅದರ ತೂಕ ಇದರ ಅರ್ಧಕ್ಕೂ ಕಡಿಮೆ. ಆದರೆ ಅಪ್ಪನ ಕೈಗೆ ನೆನಪಿರೋದು ಆ ಗಾಡಿಯ ತೂಕವೇ ತಾನೇ? "ಬೇಡಪ್ಪ" ಅನ್ನುವಷ್ಟರಲ್ಲಿ ಬಲಗಡೆ ಬಂದು ಮುಂದಿನಿಂದ ಹ್ಯಾಂಡಲ್‌ಗೆ ಕೈ ಹಾಕಿ ಹಿಂದಕ್ಕೆ ನೂಕಿದರು. ಎಡಗಡೆ ನಾನಿದ್ದೆ. ಹ್ಯಾಂಡಲ್ ತಿರುಗಿತು. ಗಾಡಿ ನೆಟ್ಟಗಿದ್ದಿದ್ದು ಬಲಕ್ಕೆ ವಾಲಿತು.

ಬೈಕು ಒಂಚೂರು ವಾಲಿದರೆ ಹಿಡಿಯಬಹುದು. ಅದನ್ನು ದಾಟಿದರೆ ಹಿಡಿಯೋದು ಸುಳ್ಳು. ಬಿಟ್ಟು ದೂರ ಹೋಗೋದೇ ಜಾಣತನ. ಆದರೆ ಆ ಕಡೆ ಅಪ್ಪ ಇದ್ದರು. ಸೀಟಿನ ಹಿಂಬದಿ ಹಿಡಿದು ಇದ್ದ ಬಲವೆಲ್ಲಾ ಹಾಕಿ ಎಳೆದೆ. ಸೊಂಟದಲ್ಲಿ ಏನೋ ಟಕ್ ಅಂತು. "ಸರಿಯಪ್ಪಾ!" ಅಂತ ಕಿರುಚಿದೆ. ಅಪ್ಪ ಹಿಂದಕ್ಕೆ ಎರಡು ಹೆಜ್ಜೆ ಹಾಕಿ ಗೋಡೆಗೆ ಒರಗಿದರು. ಗಾಡಿ ಧಡ್ಡಂತ ಬಿತ್ತು. ಕ್ರ್ಯಾಶ್ ಗಾರ್ಡ್ ಅಪ್ಪನ ಚಪ್ಪಲಿಯ ಮೇಲಿತ್ತು. ಚಪ್ಪಲಿಯೊಳಗೆ ಕಾಲಿರಲಿಲ್ಲ.

ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಅಪ್ಪ ಅಂದದ್ದು, "ಅಯ್ಯೋ, ಗಾಡಿಗೆ ಏನಾಯ್ತು ನೋಡೋ! ಎಷ್ಟು ಖರ್ಚು ಬರುತ್ತೋ ಏನೋ."

ಬರಿಗಾಲಲ್ಲಿ ನಿಂತುಕೊಂಡು ಟ್ಯಾಂಕಿನ ಮೇಲಿನ ಗೀರನ್ನು ಬೆರಳಿಂದ ಒರೆಸುತ್ತಿದ್ದರು, ಒರೆಸಿದರೆ ಹೋಗುತ್ತೇನೋ ಅನ್ನೋ ಹಾಗೆ. ತಪ್ಪು ತಮ್ಮದು ಅಂತ ಅವರಿಗೆ ಅನಿಸಿಬಿಟ್ಟಿತ್ತು. ಆಮೇಲೆ ಪಕ್ಕದ ಮನೆಯ ಹುಡುಗರು ನಾಲ್ಕು ಜನ ಬಂದು ಎತ್ತಿ ನಿಲ್ಲಿಸಿದರು. ಬಿದ್ದ ಬೈಕನ್ನು ಎತ್ತುವ ಕ್ರಮ ಬೇರೆ ಇದೆ. ಬೆನ್ನನ್ನು ಸೀಟಿಗೆ ಆನಿಸಿ, ಕೂತು, ಕಾಲಿನ ಬಲದಿಂದ ಹಿಂದಹಿಂದಕ್ಕೆ ನಡೆಯುತ್ತಾ ಎತ್ತಬೇಕು. ನೂರು ವಿಡಿಯೋ ನೋಡಿದ್ದೆ. ಆವತ್ತು ಬಗ್ಗೋಕೂ ಆಗಲಿಲ್ಲ.

ಮನೆಯಲ್ಲಿ ಹೆಂಡತಿಗೆ ಒಂದು ವಾರ ಹೇಳಲಿಲ್ಲ. "ಕೂತು ಕೂತು ಬೆನ್ನು ಹಿಡಿದಿದೆ" ಅಂದೆ. ಸಾಫ್ಟ್‌ವೇರಿನವರಿಗೆ ಆ ಸುಳ್ಳು ಸುಲಭ. ಕೊನೆಗೆ ಎಂಆರ್‌ಐ ಆಯಿತು, ಎಲ್4-ಎಲ್5 ಮಧ್ಯದ ಡಿಸ್ಕ್ ಸ್ವಲ್ಪ ಹೊರಗೆ ಬಂದಿತ್ತು. ಡಾಕ್ಟರು, "ಗಾಡಿ ಓಡಿಸಬೇಡಿ ಅಂತ ಹೇಳಲ್ಲ. ಗಾಡಿ ಜೊತೆ ಕುಸ್ತಿ ಮಾತ್ರ ಆಡಬೇಡಿ" ಅಂದರು.

ಆವತ್ತು ಶೀಟ್ ತೆಗೆದು ಕೊನೆಗೆ ಇನ್ನೊಂದು ಸಾಲು ಸೇರಿಸಿದೆ. 317ರಲ್ಲಿ 241 ಕಳೆದರೆ 76. ಎರಡು ಗಾಡಿಗಳ ನಡುವೆ ಒಂದೂವರೆ ಮೂಟೆ ಸಿಮೆಂಟಿನಷ್ಟು ವ್ಯತ್ಯಾಸ. ಟಾರ್ಕಿಗೆ, ಸದ್ದಿಗೆ ಅಂತ ನಾನು ಕೊಟ್ಟಿದ್ದ ಅಂಕಗಳೆಲ್ಲ ಗಾಡಿ ಓಡುತ್ತಿರುವಾಗಿನವು. ನಿಂತಿರುವಾಗಿನ ಅಂಕ ಒಂದೂ ಇರಲಿಲ್ಲ. ನಿಜ ಹೇಳಬೇಕಂದರೆ ಮೀಟಿಯರ್ ಕೂಡ ಹಗುರವೇನಲ್ಲ. ಜಲ್ಲಿಯ ಮೇಲೆ ಅದಕ್ಕೂ ಬೆವರು ಸುರಿಯುತ್ತೆ. ಆದರೆ ಅದು ವಾಲಿದರೆ ನಾನೊಬ್ಬನೇ ನಿಲ್ಲಿಸಬಲ್ಲೆ, ಈ ಬೆನ್ನಿನಲ್ಲೂ. ಇನ್ನೊಬ್ಬರು ಓಡಿ ಬರಬೇಕಾಗಿಲ್ಲ.

ಫ್ಯಾಟ್ ಬಾಯ್ ಕೊಳ್ಳಲು ಬಂದವನಿಗೆ ಇಪ್ಪತ್ತೊಂಬತ್ತಿರಬಹುದು. ಟೆಸ್ಟ್ ರೈಡ್ ಮುಗಿಸಿ ಕಣ್ಣರಳಿಸಿಕೊಂಡು ವಾಪಸ್ ಬಂದ. "ಎಂಜಿನ್ ಆಫ್ ಮಾಡಿ, ಬೇಸ್‌ಮೆಂಟಿನ ರ‍್ಯಾಂಪಿನ ಬುಡದಿಂದ ಹತ್ತಡಿ ಹಿಂದಕ್ಕೆ ತಳ್ಳಿ ನೋಡಿ" ಅಂದೆ. ವಿಚಿತ್ರವಾಗಿ ನೋಡಿದ. ತಳ್ಳಿದ. ಮುಖ ಕೆಂಪಾದರೂ ನಗುತ್ತಲೇ ತಳ್ಳಿದ. ಸರಿ, ಇವನ ಕೈಯಲ್ಲಿ ಆಗುತ್ತೆ ಅನಿಸಿತು. ಮೂತಿ ಕೆಳಗೆ ಮಾಡಿ ನಿಲ್ಲಿಸಬೇಡಿ ಅಂತ ಮೂರು ಸಲ ಹೇಳಿದೆ. "ಯಾಕೆ ಸರ್ ಮಾರ್ತಿದೀರಿ?" ಅಂದ. "ಪಾರ್ಕಿಂಗ್ ಇಲ್ಲ" ಅಂದೆ. ಅವನು ಗೇಟು ದಾಟಿದ ಮೇಲೂ ಆ ಕುಂಟು ತಾಳ ಸ್ವಲ್ಪ ಹೊತ್ತು ಕೇಳುತ್ತಿತ್ತು. ಸಿಗ್ನಲ್ ಹತ್ತಿರ ಬಸ್ಸಿನ ಹಾರನ್ನಿನಲ್ಲಿ ಮುಳುಗಿತು.

ನೀವೂ ದೊಡ್ಡ ಕ್ರೂಸರ್ ಕೊಳ್ಳೋಕೆ ಹೊರಟಿದ್ದರೆ ಟಾರ್ಕು, ಸಿಸಿ, ಸದ್ದು ಎಲ್ಲಾ ನೋಡಿ, ತಪ್ಪಿಲ್ಲ. ಶೋರೂಮಿನವರು ಓಡಿಸೋಕೆ ಕೊಡುತ್ತಾರೆ, ಓಡಿಸಿ. ವಾಪಸ್ ಬಂದ ಮೇಲೆ ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಒಂಚೂರು ಏರು ಇರುವ ಕಡೆ ಹಿಂದಕ್ಕೆ ತಳ್ಳಿ ನೋಡಿ. ಅವರು ನಗಬಹುದು, ನಗಲಿ.

ಹೋದ ತಿಂಗಳು ಮೀಟಿಯರ್‌ನಲ್ಲಿ ಅರಸೀಕೆರೆಗೆ ಹೋಗಿದ್ದೆ. ಈ ಸಲ ರಸ್ತೆಯಲ್ಲೇ ಗಾಡಿ ತಿರುಗಿಸಿ, ಹಿಂದುಹಿಂದಾಗಿ ಇಳಿಸಿ, ಮೂತಿ ಗೇಟಿನ ಕಡೆ ಇಟ್ಟು ನಿಲ್ಲಿಸಿದೆ. ಅಪ್ಪ ಒಂದು ಸುತ್ತು ಬಂದು ನೋಡಿದರು.

"ಎಷ್ಟು ಸಿಸಿ?"

"ಆರುನೂರ ನಲವತ್ತೆಂಟು."

"ದೊಡ್ಡದು ಎಲ್ಲಿ?"

"ಮಾರಿದೆ ಅಪ್ಪ. ಪಾರ್ಕಿಂಗ್ ಇಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಪಕ್ಕದ ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಅದೇ ಚೆನ್ನಾಗಿತ್ತು ಕಣೋ" ಅಂದರು.

"ಹೂಂ ಅಪ್ಪ, ಚೆನ್ನಾಗಿತ್ತು" ಅಂದೆ.