ದಾರದಲ್ಲಿ ಅಳೆದ ದಾರಿ

ಸೋದರಿಯರೇ, ಮಗಳನ್ನು ದೂರದೂರಿಗೆ ಕೊಟ್ಟ ತಾಯಿಗೆ ಆ ದೂರ ಎಷ್ಟೆಂದು ತಿಳಿಯುವ ಹಂಬಲ ಇದ್ದೇ ಇರುತ್ತದೆ, ಅಲ್ಲವೇ? ನನ್ನ ಮಗಳಿರುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 2022ರಲ್ಲಿ ಅವಳ ಬಾಣಂತನಕ್ಕೆ ಹೊರಡಬೇಕಾಯಿತು. ನಮ್ಮವರಿಗೆ ರಜೆ ಇಲ್ಲ. "ಭೂಮಿಯ ಆ ಕಡೆಗೆ ನೀನೊಬ್ಬಳೇ ಹೋಗ್ತೀಯಾ?" ಎಂದು ಕೇಳಿದರು. "ಹೋಗ್ತೀನಿ ಬಿಡಿ" ಎಂದೆನಾದರೂ ಎದೆ ಡವಡವ ಎನ್ನುತ್ತಿತ್ತು.

ಆ ರಾತ್ರಿ ಗೋಡೆಯ ಮೇಲಿದ್ದ ಪ್ರಪಂಚದ ಭೂಪಟದ ಮುಂದೆ ಹೊಲಿಗೆ ದಾರ ಹಿಡಿದು ನಿಂತೆ. ಬೆಂಗಳೂರು ಬಲಗಡೆ, ಸ್ಯಾನ್ ಫ್ರಾನ್ಸಿಸ್ಕೋ ಎಡಗಡೆ. ದಾರ ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ಸಾಗರ ಎಲ್ಲವನ್ನೂ ದಾಟಿ ಹೋಯಿತು. ಸಮಭಾಜಕ ವೃತ್ತದ ಉದ್ದ ಸುಮಾರು 40,000 ಕಿಲೋಮೀಟರ್ ಎಂದು ಹೈಸ್ಕೂಲಿನಲ್ಲಿ ಕಲಿತದ್ದು ನೆನಪಿತ್ತು. ಆ ಅಳತೆಗೆ ಹಿಡಿದು ನೋಡಿದರೆ 22,000 ಕಿಲೋಮೀಟರಿಗೂ ಹೆಚ್ಚು! ನಿದ್ದೆ ಹಾರಿಹೋಯಿತು.

ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಕೇಳಿ ನಕ್ಕುಬಿಟ್ಟ. "ಆಂಟಿ, ಭೂಪಟದಲ್ಲಿ ಅಳೀಬಾರದು, ಗ್ಲೋಬಿನ ಮೇಲೆ ಅಳೀರಿ" ಎಂದು ತನ್ನ ಗ್ಲೋಬ್ ತಂದುಕೊಟ್ಟ. ಅದರ ಸಮಭಾಜಕಕ್ಕೆ ದಾರ ಸುತ್ತಿ ಸ್ಕೇಲಿಗೆ ಹಿಡಿದೆ. 80 ಸೆಂಟಿಮೀಟರ್. ಅಂದರೆ ಒಂದು ಸೆಂಟಿಮೀಟರಿಗೆ 500 ಕಿಲೋಮೀಟರ್. ಆಮೇಲೆ ಬೆಂಗಳೂರಿನ ಮೇಲೆ ದಾರದ ತುದಿ ಒತ್ತಿ ಹಿಡಿದು, ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಎಳೆದೆ. ದಾರ ಆಫ್ರಿಕಾದ ಕಡೆ ತಲೆಯೇ ಹಾಕಲಿಲ್ಲ! ಹಿಮಾಲಯ, ಸೈಬೀರಿಯಾ ಹತ್ತಿ, ಅಲಾಸ್ಕದ ಮೇಲೆ ಇಳಿದು ಊರು ಮುಟ್ಟಿತು. ಬರೀ 28 ಸೆಂಟಿಮೀಟರ್. ಎಂದರೆ 14,000 ಕಿಲೋಮೀಟರ್!

ಹೀಗೇಕೆ ಅಂತೀರಾ? ಕಿತ್ತಳೆ ಸಿಪ್ಪೆಯನ್ನು ಮಣೆಯ ಮೇಲೆ ಚಪ್ಪಟೆ ಮಾಡಲು ಹೋದರೆ ಹರಿಯುತ್ತದಲ್ಲವೇ? ಹರಿಯಬಾರದೆಂದು ಭೂಪಟದಲ್ಲಿ ಧ್ರುವಗಳ ಕಡೆ ಎಳೆದು ಅಗಲ ಮಾಡಿರುತ್ತಾರೆ. ಸಾಲದ್ದಕ್ಕೆ, ನಮ್ಮ ಹತ್ತಿರದ ದಾರಿ ಕಾಗದದ ಅಂಚಿನಲ್ಲಿ ತುಂಡಾಗಿರುತ್ತದೆ.

ಆಗ ಹಳೆಯ ಸುದ್ದಿಯೊಂದು ನೆನಪಾಯಿತು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ಹಾದು, ಎಲ್ಲೂ ಇಳಿಯದೆ ಸುಮಾರು 17 ಗಂಟೆ ಹಾರಿ ಬಂದಿದ್ದರು. ಎರಡೂ ಊರಿನ ನೇರ ದೂರ 13,993 ಕಿಲೋಮೀಟರ್ ಎಂದು ಪತ್ರಿಕೆಗಳಲ್ಲಿ ಬಂದಿತ್ತು. ನನ್ನ ದಾರ ತಪ್ಪಿದ್ದು ಬರೀ ಏಳು ಕಿಲೋಮೀಟರ್! ಆ ಹೆಣ್ಣುಮಕ್ಕಳು ಅಷ್ಟು ದೂರ ವಿಮಾನ ನಡೆಸಿರುವಾಗ, ಕೂತು ಹೋಗುವುದಕ್ಕೆ ನನಗೇನು ಧಾಡಿ?

ಹೊರಟೇಬಿಟ್ಟೆ. ನಡುವೆ ವಿಮಾನ ಬದಲಿಸಬೇಕಾಗಿ ಬಂದು ನನ್ನ ದಾರಿ ದಾರಕ್ಕಿಂತ ಉದ್ದವೇ ಆಯಿತೆನ್ನಿ. ಆದರೂ ಹೆದರಲಿಲ್ಲ. ಮೂರು ತಿಂಗಳು ಮಗಳ ಬಾಣಂತನ ಮಾಡಿ, ಮೊಮ್ಮಗಳಿಗೆ ಎಣ್ಣೆನೀರು ಎರೆದು ಬಂದೆ.

ನೀವೂ ಅಳೆದು ನೋಡಿ. ಉಲ್ಲನ್ ದಾರ ಮಾತ್ರ ಬೇಡ, ಎಳೆದರೆ ಹಿಗ್ಗುತ್ತದೆ. ಹೊಲಿಗೆ ದಾರವೇ ಸರಿ. ನನ್ನ ಆ ತುಂಡು ಇನ್ನೂ ಹೊಲಿಗೆ ಡಬ್ಬಿಯಲ್ಲಿದೆ. ಮೊಮ್ಮಗಳ ನೆನಪು ಕಾಡಿದಾಗ ತೆಗೆದು ಕೈಯಲ್ಲಿ ಅಳೆಯುತ್ತೇನೆ. ಒಂದು ಗೇಣು, ಮೂರು ಬೆರಳು. ಅಷ್ಟೇ.