ಬೇಟೆಗಾರರ ಬಿಡಾರ, ಚಾರಣಿಗರ ಸೂರು

ನ್ಯೂಜಿಲೆಂಡಿನ ಬೆಟ್ಟಗಾಡುಗಳಲ್ಲಿ ಚಾರಣಿಗರು ರಾತ್ರಿ ತಂಗುವ ಸಣ್ಣ ಹಟ್‌ಗಳು ದೇಶದ ಸಂರಕ್ಷಣಾ ಇಲಾಖೆಯೊಂದರ ಕೈಯಲ್ಲೇ 950ಕ್ಕೂ ಹೆಚ್ಚಿವೆ. ಎಲ್ಲವೂ ಚಾರಣಿಗರಿಗಾಗಿ ಎದ್ದವಲ್ಲ. ಚಿನ್ನ ಹುಡುಕುತ್ತಿದ್ದವರು, ಕುರಿ ಸಾಕುತ್ತಿದ್ದವರು, ಸರ್ಕಾರಿ ಸಂಬಳದ ಜಿಂಕೆ ಬೇಟೆಗಾರರು ತಮ್ಮ ಕೆಲಸಕ್ಕೆಂದು ಕಟ್ಟಿಕೊಂಡವು ಎಷ್ಟೋ ಇವೆ.

ಹಳೆಯ ಕಾಲದವರು ಮರವನ್ನು ಹೊತ್ತು ತರುತ್ತಿರಲಿಲ್ಲ. ಹಟ್ ಏಳಬೇಕಾದ ಜಾಗದ ಸುತ್ತಲೇ ನೇರ ಎಳೆಯಿರುವ ಬೀಚ್ ಮರವನ್ನೋ ಟೋಟರ ಮರವನ್ನೋ ಕೆಡವಿ, ಬೆಣೆ ಹೊಡೆದು ಸೀಳಿ, ಬಾಚಿಯಿಂದ ಕೆತ್ತಿ ದಪ್ಪ ಹಲಗೆ ಮಾಡುತ್ತಿದ್ದರು. ಗರಗಸದ ಹಲಗೆಯಲ್ಲಿ ಮರದ ಎಳೆ ತುಂಡಾಗಿ ನೀರಿಗೆ ದಾರಿಯಾಗುತ್ತದೆ. ಸೀಳಿದ ಹಲಗೆ ಎಳೆಯ ಗುಂಟ ಬಿರಿದಿರುವುದರಿಂದ ಮಳೆ ಅದರ ಮೇಲೆ ಜಾರಿ ಹೋಗುತ್ತದೆ. ವಾಂಗಪೆಕ ಕಣಿವೆಯಲ್ಲಿ ಸೆಸಿಲ್ ಕಿಂಗ್ ಎಂಬ ಚಿನ್ನದ ಅನ್ವೇಷಕ 1935ರಲ್ಲಿ ಹೀಗೆ ಕಟ್ಟಿದ ಹಟ್ ಇಂದಿಗೂ ನಿಂತಿದೆ. ಹಲಗೆಗಳ ಸಂದಿಯಲ್ಲಿ ಗಾಳಿ ನುಗ್ಗುತ್ತಿತ್ತು, ಒಲೆಯ ಹೊಗೆ ಒಳಗೇ ಸುತ್ತುತ್ತಿತ್ತು. ಆ ಗಾಳಿ, ಆ ಹೊಗೆಯೇ ಮರವನ್ನು ಒಣಗಿಸಿ ಕಾಪಾಡಿದ್ದೂ ಹೌದು. ಕೊಳೆಯುತ್ತಿದ್ದುದು ಮಣ್ಣಿಗೆ ಹೂತ ಕಂಬದ ಬುಡ.

ಚಾರಣಿಗರಿಗಾಗಿಯೇ ಕಟ್ಟಿ ಈಗಲೂ ಉಳಿದಿರುವ ಹಟ್‌ಗಳಲ್ಲಿ ತುಂಬ ಹಳೆಯದು ಟರರುವಾ ಬೆಟ್ಟಸಾಲಿನ ಫೀಲ್ಡ್ ಹಟ್. 1919ರಲ್ಲಿ ಹುಟ್ಟಿದ ಟರರುವಾ ಚಾರಣ ಕ್ಲಬ್ಬಿಗಾಗಿ ಜೋ ಗಿಬ್ಸ್ ಅದನ್ನು 1924ರಲ್ಲಿ ಕಟ್ಟಿದ. ಅಲ್ಲೇ ಗುಂಡಿ ತೋಡಿ, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸ ಎಳೆದು ಮರ ಕೊಯ್ದದ್ದು.

ಹಟ್ ಕಟ್ಟುವ ಈ ಕಸುಬಿನ ಸ್ವರೂಪ ಬದಲಿಸಿದ್ದು ಜಿಂಕೆ. ಬಿಳಿಯರು ಬೇಟೆಯ ಮೋಜಿಗೆಂದು ತಂದು ಬಿಟ್ಟ ಕೆಂಪು ಜಿಂಕೆ ಕಾಡನ್ನೇ ಮೇಯ್ದು ಬೋಳು ಮಾಡತೊಡಗಿತು. 1930ರಲ್ಲಿ ಅದಕ್ಕಿದ್ದ ಕಾನೂನಿನ ರಕ್ಷಣೆ ತೆಗೆದು, ಸರ್ಕಾರವೇ ಬೇಟೆಗಾರರನ್ನು ನೇಮಿಸಿತು. 1956ರಲ್ಲಿ ಈ ಕೆಲಸ ಅರಣ್ಯ ಸೇವೆಯ ಪಾಲಿಗೆ ಬಂತು. ಡೇರೆಯಲ್ಲಿ ನೆನೆದು ಸಾಕಾಗಿ ಬೇಟೆಗಾರರು ಕೆಲಸ ಬಿಟ್ಟು ಹೋಗಬಾರದಲ್ಲ. ಮುಂದಿನ ಹದಿನೈದು ವರ್ಷಗಳಲ್ಲಿ ಕಣಿವೆ ಕಣಿವೆಗೂ ಹಟ್ ಎದ್ದಿತು. ಒಟ್ಟು 600ಕ್ಕೂ ಹೆಚ್ಚು.

ಅಷ್ಟನ್ನು ಕಾಡಿನ ಮರ ಸೀಳುತ್ತ ಕೂತು ಕಟ್ಟಲಾಗುವುದಿಲ್ಲ. ಪಟ್ಟಣದಲ್ಲೇ ಅಳತೆಗೆ ಕೊಯ್ದು ಕಟ್ಟುಕಟ್ಟಿದ ಮರ, ತಗಡು, ಮೊಳೆ ಮೊದಲು ಸಣ್ಣ ವಿಮಾನದಿಂದ ಕೆಳಗೆ ಬೀಳುತ್ತಿದ್ದವು. ಅರವತ್ತರ ದಶಕದಲ್ಲಿ ಆ ಕೆಲಸಕ್ಕೆ ಹೆಲಿಕಾಪ್ಟರ್ ಬಂತು. ನಕ್ಷೆಗಳು ಬೆರಳೆಣಿಕೆಯಷ್ಟು: ಇಬ್ಬರು ತೆವಳಿಕೊಂಡು ಒಳಹೋಗುವ ‘ಬಿವ್’, ನಾಲ್ಕು ಮಂಚದ್ದು, ಆರು ಮಂಚದ್ದು.

ಎಪ್ಪತ್ತರ ದಶಕದಲ್ಲಿ ಆ ಕಣಿವೆಗಳಲ್ಲಿ ನಡೆದವರ ನೆನಪಿನಲ್ಲಿರುವುದು ಈ ಆರು ಮಂಚದ ಹಟ್ಟೇ. ದೂರಕ್ಕೂ ಕಾಣಲೆಂದು ಕಿತ್ತಳೆ ಬಣ್ಣ. ನೆಲದಿಂದ ಮೇಲೆತ್ತಿದ ಮರದ ಗೂಟಗಳ ಮೇಲೆ ಒಂದೇ ಕೋಣೆ. ಗೋಡೆಗೆ ಒಂದರ ಮೇಲೊಂದು ಮಂಚ, ಕಿಟಕಿಯಡಿ ತಗಡು ಹೊದಿಸಿದ ಅಡುಗೆ ಕಟ್ಟೆ, ಗೋಡೆಯಾಚೆ ಚಾಚಿದ ತಗಡಿನ ಹೊಗೆಗೂಡು. ಒಲೆಯ ಮೇಲಿನ ಸರಳಿಗೆ ಮಸಿ ಹಿಡಿದ ಪಾತ್ರೆ ತೂಗುತ್ತಿತ್ತು. ಒಳಗೊಂದು ದಪ್ಪ ಪುಸ್ತಕ: ಬಂದವರು ಹೆಸರು, ತಾರೀಖು, ಮುಂದೆ ಹೋಗುವ ದಾರಿ ಬರೆದಿಡಬೇಕು, ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದು ಅದನ್ನೇ. ಈ ಹಟ್ಟನ್ನು ಅಂದಗೇಡಿ ಎನ್ನುವವರೂ ಇದ್ದರು. ಆದರೆ ಇಷ್ಟು ಕಡಿಮೆ ಸಾಮಗ್ರಿಯಲ್ಲಿ, ಇಷ್ಟು ಕಡಿಮೆ ನೆಲ ಕೆದಕಿ, ಗರಗಸ ಹಿಡಿಯಬಲ್ಲ ಯಾರೂ ರಿಪೇರಿ ಮಾಡಬಹುದಾದ ಕಟ್ಟಡವನ್ನು ಆಮೇಲಿನ ವಾಸ್ತುಶಿಲ್ಪಿಗಳು ಕೊಟ್ಟದ್ದು ಅಪರೂಪ.

ಹೆಲಿಕಾಪ್ಟರಿನಿಂದಲೇ ಜಿಂಕೆ ಹೊಡೆದು ಮಾಂಸ ಮಾರುವ ವ್ಯಾಪಾರ ಬೆಳೆದ ಮೇಲೆ ಕಾಲ್ನಡಿಗೆಯ ಬೇಟೆಗಾರನಿಗೆ ಕೆಲಸವಿಲ್ಲದಾಯಿತು. ಹಟ್‌ಗಳು ಚಾರಣಿಗರಿಗೆ ಉಳಿದವು. 1987ರಲ್ಲಿ ಸಂರಕ್ಷಣಾ ಇಲಾಖೆ ಹುಟ್ಟಿ ಅವುಗಳ ಹೊಣೆ ಹೊತ್ತಿತು.

1995ರ ಏಪ್ರಿಲ್ 28ರಂದು ಪಾಪರೋವಾ ರಾಷ್ಟ್ರೀಯ ಉದ್ಯಾನದ ಕೇವ್ ಕ್ರೀಕ್‌ನಲ್ಲಿ ಇದೇ ಇಲಾಖೆ ಕಮರಿಯ ಅಂಚಿಗೆ ಕಟ್ಟಿದ್ದ ಮರದ ವೀಕ್ಷಣಾ ಅಟ್ಟ ಕುಸಿದು 14 ಜನ ಸತ್ತರು. 13 ಮಂದಿ ವಿದ್ಯಾರ್ಥಿಗಳು, ಒಬ್ಬರು ಇಲಾಖೆಯ ಅಧಿಕಾರಿ. ಬೋಲ್ಟ್ ಹಾಕಬೇಕಾದಲ್ಲಿ ಮೊಳೆ ಹೊಡೆದಿತ್ತು. ಅರ್ಹ ಎಂಜಿನಿಯರ್ ಅದನ್ನು ವಿನ್ಯಾಸ ಮಾಡಿರಲಿಲ್ಲ. ಅಲ್ಲಿಂದ ಮುಂದೆ ಕಾಡಿನ ಸೇತುವೆ, ಅಟ್ಟ, ಹಟ್ ಎಲ್ಲಕ್ಕೂ ಲೆಕ್ಕಾಚಾರ, ಪರವಾನಗಿ, ನಿಯಮಿತ ತಪಾಸಣೆ ಬಂದವು. ಕೈಯಂದಾಜಿನಲ್ಲಿ ಕಟ್ಟುವ ಕಾಲ ಮುಗಿಯಿತು.

ಈಗಿನ ವಿನ್ಯಾಸ ಶುರುವಾಗುವುದು ಜಾಗದಿಂದ. ಹೊಳೆ ಎಲ್ಲಿಯವರೆಗೆ ಏರುತ್ತದೆ, ಹಿಮ ಯಾವ ಇಳಿಜಾರಿನಲ್ಲಿ ಜಾರುತ್ತದೆ, ಯಾವ ಮರ ಮೇಲೆ ಬಿದ್ದೀತು ಎಂದು ಮೊದಲು ನೋಡುತ್ತಾರೆ. ದೇಶ ದಕ್ಷಿಣ ಗೋಳಾರ್ಧದಲ್ಲಿರುವುದರಿಂದ ಬಿಸಿಲಿಗೆಂದು ದೊಡ್ಡ ಕಿಟಕಿಗಳ ಮುಖ ಉತ್ತರಕ್ಕೆ. ಹೆಲಿಕಾಪ್ಟರ್ ಒಂದು ಸಲಕ್ಕೆ ಎಷ್ಟು ಎತ್ತುತ್ತದೆ ಎಂಬುದು ತೊಲೆಯ ಉದ್ದವನ್ನೂ ಗೋಡೆಯ ತುಂಡನ್ನೂ ನಿರ್ಧರಿಸುತ್ತದೆ. ಪ್ರತಿ ಹಾರಾಟಕ್ಕೂ ಇಂಧನ ಸುಡುವುದರಿಂದ ಹಗುರ ಮಾಡಿದಷ್ಟೂ ಲಾಭ. ಮರ ಈಗ ಕಾಡಿನದಲ್ಲ, ತೋಪಿನಲ್ಲಿ ಬೆಳೆದ ರೇಡಿಯಾಟಾ ಪೈನ್. ಅದು ಬೇಗ ಕೊಳೆಯುವ ಜಾತಿಯಾದ್ದರಿಂದ ಮಣ್ಣಿಗೆ ಇಳಿಯುವ ಗೂಟಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ದ್ರಾವಣವನ್ನು ಒತ್ತಡದಿಂದ ಉಣಿಸುತ್ತಾರೆ. ಇದಕ್ಕೊಂದು ತೊಡಕಿದೆ: ಇಂಥ ಮರದ ಚೂರನ್ನು ಒಲೆಗೆ ಹಾಕುವಂತಿಲ್ಲ, ಹೊಗೆಯೂ ಬೂದಿಯೂ ವಿಷ. ಕೆಲಸ ಮುಗಿದ ಮೇಲೆ ತುಂಡುಗಳನ್ನೆಲ್ಲ ಆಯ್ದು ವಾಪಸು ಸಾಗಿಸಬೇಕು. ಕುಡಿಯುವ ನೀರು ಮಾಡಿನಿಂದ ಟ್ಯಾಂಕಿಗೆ ಇಳಿಯುತ್ತದೆ. ಎತ್ತರದ, ಜನ ಹೆಚ್ಚಾಗಿ ಬರುವ ತಾಣಗಳಲ್ಲಿ ಶೌಚದ ತೊಟ್ಟಿಯನ್ನೂ ಹೆಲಿಕಾಪ್ಟರಿನಲ್ಲೇ ಹೊರಗೆ ಒಯ್ಯುತ್ತಾರೆ.

ಹಳೆಯ ಹಟ್‌ಗಳ ಮಾಡಿನಲ್ಲಿ ಯಾರೂ ಎಣಿಸದ ಕೇಡೊಂದಿತ್ತು. ತಗಡು ಬಿಗಿಯಲು ಸೀಸದ ತಲೆಯ ಮೊಳೆ, ಹೊಗೆಕೊಳವೆಯ ಸುತ್ತ ನೀರು ಸೋರದಂತೆ ಸೀಸದ ಹಾಳೆ ಬಳಸಿದ್ದರು. ಅಲ್ಲಿನ ಬೆಟ್ಟದ ಗಿಣಿ ಕಿಯಾ ಕಂಡದ್ದನ್ನೆಲ್ಲ ಕಚ್ಚಿ ನೋಡುವ ಹಕ್ಕಿ. ಸೀಸ ಅದಕ್ಕೆ ಸಿಹಿ. ತಿಂದು ಸಾಯತೊಡಗಿದ ಮೇಲೆ ಮೊಳೆಗಳನ್ನು ಒಂದೊಂದಾಗಿ ಕಿತ್ತು ಬೇರೆ ಹೊಡೆಯುವ ಕೆಲಸ ಶುರುವಾಯಿತು.

2000ದ ದಶಕದ ಆರಂಭದಲ್ಲಿ ಖರ್ಚು ತಾಳದೆ ಹಲವು ದೂರದ ಹಟ್‌ಗಳನ್ನು ಕೈಬಿಡುವ ಮಾತು ಬಂದಾಗ ಚಾರಣಿಗರೂ ಬೇಟೆಯ ಹವ್ಯಾಸಿಗಳೂ ಒಟ್ಟಿಗೆ ವಿರೋಧಿಸಿದರು. ಪಶ್ಚಿಮ ಕರಾವಳಿಯಲ್ಲಿ ಪರ್ಮೊಲಾಟ್ ಎಂಬ ಸ್ವಯಂಸೇವಕರ ಗುಂಪು ತಾನೇ ದುರಸ್ತಿಗೆ ಇಳಿಯಿತು. ಆಮೇಲೆ ಚಾರಣ ಕ್ಲಬ್ಬುಗಳ ಒಕ್ಕೂಟ, ಜಿಂಕೆ ಬೇಟೆಗಾರರ ಸಂಘ ಮುಂತಾದವು ಸೇರಿ ಬ್ಯಾಕ್‌ಕಂಟ್ರಿ ಟ್ರಸ್ಟ್ ಕಟ್ಟಿದವು. ಸಾಮಗ್ರಿಗೆ ಹಣ ಟ್ರಸ್ಟಿನ ಮೂಲಕ ಬರುತ್ತದೆ, ದುಡಿಮೆ ಸ್ವಯಂಸೇವಕರದು. ಕೊಳೆತ ಗೂಟ ಬದಲಿಸುವುದು, ತುಕ್ಕು ಹಿಡಿದ ಹೊಗೆಗೂಡು ಕಿತ್ತು ಮುಚ್ಚಿದ ಒಲೆ ಕೂರಿಸುವುದು, ಮತ್ತೆ ಬಣ್ಣ ಬಳಿಯುವುದು ಇವರ ಕೆಲಸ. ಬಣ್ಣ ಎಷ್ಟೋ ಕಡೆ ಈಗಲೂ ಕಿತ್ತಳೆಯೇ.