ಸಣ್ಣಜ್ಜನ ಕಾಗದ

ಕಳೆದ ತಿಂಗಳು ನನ್ನ ತಮ್ಮನನ್ನು ಧಾರವಾಡದ ಆಸ್ಪತ್ರೆಗೆ ತಪಾಸಣೆಗೆ ಕರೆದುಕೊಂಡು ಹೋಗಬೇಕಿತ್ತು. ಹಿಂದಿನ ರಾತ್ರಿ ಫೈಲು ಜೋಡಿಸಿಡುತ್ತಿದ್ದ ಮೊಮ್ಮಗಳು ಒಂದು ಹಾಳೆ ಹಿಡಿದು ಬಂದಳು. ಏಳನೇ ತರಗತಿಯವಳು, ಸಿಕ್ಕಿದ್ದನ್ನೆಲ್ಲ ಓದುವ ಚಟ.

“ಅಜ್ಜಾ, ಸಣ್ಣಜ್ಜನ ಈ ಕಾಗದದಾಗ ಹಾವೇರಿ ಅಜ್ಜಿ ಹೆಸರು ಐತಿ. ಮನ್ಯಾಗ ಜೋಡಿ ಇರೋದು ನೀನು. ನಿನ್ನ ಹೆಸರು ಯಾಕಿಲ್ಲ?”

ಹಾವೇರಿ ಅಜ್ಜಿ ಎಂದರೆ ನನ್ನ ತಂಗಿ. ಉತ್ತರ ನನಗೆ ಗೊತ್ತಿತ್ತು, ಬಾಯಿ ಬರಲಿಲ್ಲ. “ನಾಳೆ ಹೇಳ್ತೀನಿ, ಮಲ್ಕೋ” ಎಂದೆ. ಅವಳು ಏಳಲಿಲ್ಲ. ಕೊನೆಗೆ ಹೇಳಿದೆ.

ಅದು 1984. ತಮ್ಮ ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಮುತ್ತಿನಂಥ ಅಕ್ಷರ. ಆ ಬೇಸಿಗೆಯಲ್ಲಿ ಅವನಿಗೆ ನಿದ್ದೆ ಹೋಯಿತು. ಯಾರೂ ಇಲ್ಲದ ಕಡೆ ದನಿ ಕೇಳಿಸುತ್ತದೆ ಎಂದ. ಅನ್ನದಲ್ಲಿ ವಿಷವಿದೆ ಎಂದು ತಾಟು ದೂಡಿದ. ಅದೇ ಹೊತ್ತಿಗೆ ತಂಗಿಯ ಮದುವೆ ಮಾತುಕತೆ ನಡೆದಿತ್ತು. ಬೀಗರಿಗೆ ಗೊತ್ತಾದರೆ ಸಂಬಂಧ ತಪ್ಪೀತೆಂದು ಹೆದರಿ, ಯಾರೋ ಹೇಳಿದ ದೂರದ ಊರಿನ ಖಾಸಗಿ ಆಸ್ಪತ್ರೆಗೆ ಅವನನ್ನು ಸೇರಿಸಿ ಬಂದೆ. ಸಹಿ ಹಾಕಿದವನು ನಾನು. ಅವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಊರಲ್ಲಿ ಕೇಳಿದವರಿಗೆ, ನೌಕರಿಗೆ ಮುಂಬಯಿಗೆ ಹೋಗಿದ್ದಾನೆ ಎಂದೆ.

ಎರಡು ತಿಂಗಳಿಗೆ ಅವನಿಂದ ಇನ್‌ಲ್ಯಾಂಡ್ ಪತ್ರ ಬಂತು. “ಅಣ್ಣಾ, ನನ್ನ ತಲಿ ಬೋಳಿಸ್ಯಾರ. ನನ್ನ ಅಂಗಿ ಕಸಗೊಂಡಾರ. ಬಂದು ಕರಕೊಂಡು ಹೋಗು.” ನಾನು ಅದನ್ನು ಟ್ರಂಕಿನ ತಳದಲ್ಲಿಟ್ಟೆ. ಮದುವೆ ಮುಗಿಯಲಿ ಎಂದುಕೊಂಡೆ. ಮದುವೆ ಮುಗಿಯಿತು, ಪತ್ರ ಅಲ್ಲಿಯೇ ಇತ್ತು.

ದೀಪಾವಳಿಗೆ ತವರಿಗೆ ಬಂದ ತಂಗಿ ಸೀರೆ ಹುಡುಕುವಾಗ ಪತ್ರ ಕಂಡಳು. ಮರುದಿನವೇ ಗಂಡನನ್ನು ಕರೆದುಕೊಂಡು ಹೋಗಿ ತಮ್ಮನನ್ನು ಬಿಡಿಸಿಕೊಂಡು ಬಂದಳು. ಯಾರಿಗೆ ತಿಳಿಯಬಾರದೆಂದು ನಾನು ಮುಚ್ಚಿಟ್ಟಿದ್ದೆನೋ, ಆ ಮನೆಯ ಅಳಿಯನೇ ಅವನನ್ನು ತೋಳು ಹಿಡಿದು ಬಸ್ಸಿನಿಂದ ಇಳಿಸಿದ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನಿಟ್ಟಿದ್ದ ಗುಡಿಸಲಿಗೆ ಬೆಂಕಿ ಬಿದ್ದು 28 ಜನ ಸತ್ತರು. ಕಾಲಿಗೆ ಸರಪಳಿ ಇದ್ದುದರಿಂದ ಓಡಲು ಆಗಲಿಲ್ಲ. ಪೇಪರಿನಲ್ಲಿ ಅದನ್ನು ಓದಿದ ರಾತ್ರಿ ನಾನು ಎದ್ದು ಹೋಗಿ, ಮಲಗಿದ್ದ ತಮ್ಮನ ಕಾಲು ನೋಡಿ ಬಂದೆ.

ಮುಂದೆ 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆಯಿತು. 2018ರ ಮೇ 29ರಿಂದ ಜಾರಿಗೆ ಬಂತು. ತಮ್ಮ ಪತ್ರದಲ್ಲಿ ಬೇಡಿಕೊಂಡದ್ದೆಲ್ಲ ಅದರಲ್ಲಿ ಹಕ್ಕಾಗಿ ಬರೆದಿದೆ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ತನ್ನ ಬಟ್ಟೆ ತೊಡಬಯಸಿದರೆ ಬೇಡ ಎನ್ನುವಂತಿಲ್ಲ. ಸರಪಳಿ ಹಾಕುವುದು ಅಪರಾಧ. ರೋಗಿ ಮನೆಯವರನ್ನು ಕಾಣಬಹುದು, ಫೋನ್ ಮಾಡಬಹುದು. ಏನು ಕಾಯಿಲೆ, ಯಾವ ಔಷಧಿ ಎಂದು ತಿಳಿಯುವುದು ಅವನ ಹಕ್ಕು. ಅವನ ಕಾಯಿಲೆಯ ವಿಷಯವನ್ನು ಆಸ್ಪತ್ರೆಯವರು ಊರಿಗೆ ಸಾರುವಂತಿಲ್ಲ. ಅನ್ಯಾಯವಾದರೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ.

“ಅವರಿಗೆ ತಿಳುವಳಿಕೀನೇ ಇಲ್ಲದಾಗ ಹೆಂಗ ಹೇಳ್ತಾರ ಅಜ್ಜಾ?” ಎಂದು ಮೊಮ್ಮಗಳು ಕೇಳಿದಳು.

ಒಳ್ಳೆಯ ಪ್ರಶ್ನೆ. ಆ ಹಾಳೆ ಇರುವುದೇ ಅದಕ್ಕೆ. ಬುದ್ಧಿ ಸ್ತಿಮಿತದಲ್ಲಿರುವಾಗಲೇ, ತನ್ನ ಪರವಾಗಿ ಯಾರು ನಿಲ್ಲಬೇಕು ಎಂದು ರೋಗಿ ಹೆಸರು ಬರೆದುಕೊಡಬಹುದು. ಬಿಳಿ ಹಾಳೆ, ಒಂದು ಸಹಿ ಅಥವಾ ಹೆಬ್ಬೆಟ್ಟು ಸಾಕು. ಹೆಸರು ಬರೆಸಿಕೊಂಡವರು ದೊಡ್ಡವರಾಗಿರಬೇಕು, ಅವರೂ ಒಪ್ಪಿ ಬರೆದುಕೊಡಬೇಕು. ಮನಸ್ಸು ಬದಲಾದರೆ ರೋಗಿ ಬೇರೆ ಹೆಸರು ಬರೆಯಬಹುದು. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದೂ ಮುಂಚೆಯೇ ಬರೆದಿಡಬಹುದು. ಅವನ ಒಪ್ಪಿಗೆಯಿಲ್ಲದೆ ಸೇರಿಸಲೇಬೇಕಾದ ಸಂದರ್ಭವೂ ಬರುತ್ತದೆ. ಆಗಲೂ ವೈದ್ಯರು ಪರೀಕ್ಷಿಸಿ, ಕಾನೂನು ಹೇಳಿದ ಮಿತಿಯಲ್ಲೇ ಇರಿಸಿಕೊಳ್ಳಬೇಕು. ಅಣ್ಣನೊಬ್ಬ ಸಹಿ ಹಾಕಿ ತಿರುಗಿ ನೋಡದೆ ಬರುವ ಕಾಲ ಹೋಯಿತು.

2019ರಲ್ಲಿ ತಮ್ಮನಿಗೆ ಮತ್ತೆ ಹೆಚ್ಚಾಯಿತು. ಗುಣವಾಗುತ್ತ ಬಂದಾಗ ಡಾಕ್ಟರು ಅವನನ್ನೇ ಕೇಳಿದರು, “ಯಾರ ಹೆಸರು ಬರೀತೀರಿ?” ನಾನು ಪಕ್ಕದಲ್ಲಿಯೇ ಇದ್ದೆ. ಅವನು ನಿಧಾನವಾಗಿ, ಅದೇ ಮುತ್ತಿನಂಥ ಅಕ್ಷರದಲ್ಲಿ ತಂಗಿಯ ಹೆಸರು ಬರೆದ. ಬಸ್ಸಿನಲ್ಲಿ ಬರುವಾಗ ತಡೆಯದೆ ಕೇಳಿಬಿಟ್ಟೆ.

“ನಿನ್ನ ಮ್ಯಾಲೆ ಸಿಟ್ಟಿಲ್ಲ ಅಣ್ಣಾ,” ಎಂದ. “ಆದ್ರ ಆಕಿ ನನ್ನ ಪತ್ರ ಓದಿ ಬಂದಳು.”

ನಾನು ಸುಮ್ಮನಾದೆ. ನೋವಾಯಿತು, ನಿಜ. ಆದರೆ ಆ ಹೆಸರು ಆರಿಸುವುದು ಅವನಿಗೆ ಬಿಟ್ಟದ್ದು, ನನಗಲ್ಲ.

ಕಥೆ ಕೇಳಿದ ಮೊಮ್ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹಾಳೆಯನ್ನು ಫೈಲಿನಲ್ಲಿ ಎಲ್ಲಕ್ಕಿಂತ ಮೇಲಿಟ್ಟಳು.

ನನ್ನ ವಾರಿಗೆಯ ಅಜ್ಜ–ಅಜ್ಜಿಯರೇ, ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ಮುಚ್ಚಿಡಬೇಡಿ, ಅವರ ಮಾತು ಕೇಳಿ. ಮಕ್ಕಳೇ, ಯಾರನ್ನೂ ಹುಚ್ಚ ಎಂದು ಕರೆಯಬೇಡಿ. ನಿಮ್ಮ ಮನಸ್ಸಿಗೇ ಭಾರವಾದರೆ ದೊಡ್ಡವರಿಗೆ ಹೇಳಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಬಹುದು, ಹಣ ಕೊಡಬೇಕಿಲ್ಲ.

ಮರುದಿನ ಬೆಳಿಗ್ಗೆ ಹೊರಡುವಾಗ ಮೊಮ್ಮಗಳು ಎರಡು ಇಸ್ತ್ರಿ ಅಂಗಿ ಹಿಡಿದು ಕೇಳುತ್ತಿದ್ದಳು, “ಸಣ್ಣಜ್ಜಾ, ಯಾವುದು ಹಾಕ್ಕೋತಿ?”

ತಮ್ಮ ನೀಲಿಯದನ್ನು ತೋರಿಸಿದ.